ಪುಟ್ಟ ನಾಯಿಗೆ ಆರೋಗ್ಯ ವಿಮೆ: ದಾವಣಗೆರೆಯ ಒಂದು ಮನೆಯ ಲೆಕ್ಕ

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಅವರ ಕೆಲಸ, ನಾಯಿಯ ಹೆಸರು ಬದಲಿಸಿದ್ದೇನೆ. ಬಡಾವಣೆ ಯಾವುದು ಅಂತ ಹೇಳುವುದಿಲ್ಲ. ವಿಮಾ ಕಂಪನಿಯ ಹೆಸರೂ ಇಲ್ಲಿ ಬೇಡ. ನಾನು ಸಾಮಾನ್ಯ ವಿಮೆಯ ಕೆಲಸದಲ್ಲಿ ಇದ್ದವನು, ಆದರೆ ಅವರಿಗೆ ಏನನ್ನೂ ಮಾರಿಲ್ಲ. ಪಾಲಿಸಿಯ ಕಾಗದ ಓದಿ ಹೇಳಿ ಅಂತ ಬಂದರು, ಕೂತು ಓದಿದೆವು. ಅಷ್ಟೇ ನನ್ನ ಪಾತ್ರ.

ಹಿನ್ನೆಲೆ

ಮನೆಯಲ್ಲಿ ನಾಲ್ಕು ಜನ. ಅಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ, ಅಮ್ಮ ಖಾಸಗಿ ಶಾಲೆಯಲ್ಲಿ ಟೀಚರ್, ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಜೊತೆಗೆ ಅಜ್ಜಿ. ನಾಯಿಯ ಹೆಸರು ಚಿನ್ನಿ ಅಂತ ಇಟ್ಟುಕೊಳ್ಳೋಣ. ಬಿಳಿ ಬಣ್ಣದ ಹೆಣ್ಣು, ಆರೇಳು ಕೆಜಿ ತೂಕ. ಬೀದಿಯಲ್ಲಿ ಎಲ್ಲರೂ ಪಮೇರಿಯನ್ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಪಮೇರಿಯನ್ ಅಂತ ಸಾಕುವ ಬಹಳಷ್ಟು ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್ ತಳಿಯವು. ಚಿನ್ನಿಯೂ ಹಾಗೇ. ವಿಮೆಯ ಅರ್ಜಿಯಲ್ಲಿ ತಳಿ ಕೇಳುತ್ತಾರೆ, ಆಗ ಡಾಕ್ಟರ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ಬೀದಿಯವರ ಮಾತು ಅಲ್ಲಿ ನಡೆಯುವುದಿಲ್ಲ.

2024ರ ಮಳೆಗಾಲದಲ್ಲಿ ಚಿನ್ನಿಗೆ ಉಣ್ಣೆ ಜ್ವರ ಬಂತು. ಊಟ ಬಿಟ್ಟಳು, ವಸಡು ಬಿಳಿಚಿಕೊಂಡಿತು. ಮಗಳು ಕಾಲ್ಬೆರಳುಗಳ ಸಂದಿ ಬಿಡಿಸಿ ನೋಡಿದರೆ ಬೂದು ಬಣ್ಣದ ಉಣ್ಣೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ರಕ್ತ ಪರೀಕ್ಷೆ ಆಯಿತು. ಕೆಲವು ದಿನ ಡ್ರಿಪ್, ಆಮೇಲೆ 4 ವಾರ ಡಾಕ್ಸಿಸೈಕ್ಲಿನ್ ಮಾತ್ರೆ. ಎಲ್ಲಾ ಸೇರಿ 5,200 ರೂಪಾಯಿ. ಚಿನ್ನಿ ಚೇತರಿಸಿಕೊಂಡಳು, ಆದರೆ ಮನೆಯವರಿಗೆ ಭಯ ಹೊಕ್ಕಿತು. ಇದಕ್ಕಿಂತ ದೊಡ್ಡದು ಬಂದರೆ ಏನು ಗತಿ?

ಮಗಳು ಮೊಬೈಲ್‌ನಲ್ಲಿ ಹುಡುಕಿ ನಾಯಿ ವಿಮೆ ತೋರಿಸಿದಳು. ಅಜ್ಜಿ ಕೇಳಿದ್ದು ಒಂದೇ ಮಾತು: "ನಾಯಿಗೂ ಇನ್ಶೂರೆನ್ಸಾ? ನಂಗೇ ಮಾಡಿಸಿಲ್ವಲ್ಲೋ ಇನ್ನೂ!" ಅಪ್ಪನಿಗೂ ಅನುಮಾನವೇ. ಹರಿಹರದ ಕಡೆ ಅವರ ದಾಯಾದಿಯೊಬ್ಬರ ಹಸು ಸತ್ತಾಗ ವಿಮೆಯ ಗುರುತಿಗೆ ಹಾಕಿದ್ದ ಕಿವಿಯೋಲೆ ಬಿದ್ದುಹೋಗಿತ್ತು. ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ ಅನ್ನುವುದು ಹಸು ವಿಮೆಯ ಹಳೇ ನಿಯಮ, ಹಾಗಾಗಿ ಅವರಿಗೆ ದುಡ್ಡು ಬರಲಿಲ್ಲ. "ವಿಮೆಯೋರು ಕಟ್ಟಿಸ್ಕೊಳ್ಳೋವಾಗ ನಗ್ತಾರೆ, ಕೊಡೋವಾಗ ಓಲೆ ಕೇಳ್ತಾರೆ" ಅನ್ನುವುದು ಅಪ್ಪನ ಮಾತು.

ಪ್ರಶ್ನೆ ಏನಾಗಿತ್ತು

ನಮ್ಮಲ್ಲಿ ಸರ್ಕಾರಿ ವಿಮಾ ಕಂಪನಿಗಳ ನಾಯಿ ವಿಮೆ ಹಿಂದಿನಿಂದಲೂ ಇದೆ. ಅದರ ಮುಖ್ಯ ಅಂಶ ನಾಯಿ ಸತ್ತರೆ ಸಿಗುವ ಪರಿಹಾರ. ಆಸ್ಪತ್ರೆ ಖರ್ಚು, ಆಪರೇಷನ್ ಖರ್ಚು ಕೊಡುವ ಪಾಲಿಸಿಗಳನ್ನು ಖಾಸಗಿ ಕಂಪನಿಗಳು ದೊಡ್ಡದಾಗಿ ತಂದಿದ್ದು 2020ರಿಂದೀಚೆ. ಇವರು ನೋಡಿದ್ದು ಆ ಬಗೆಯದು. 50,000 ರೂಪಾಯಿವರೆಗೆ ಆಪರೇಷನ್ ಮತ್ತು ಆಸ್ಪತ್ರೆ ಖರ್ಚು. ವರ್ಷಕ್ಕೆ ಪ್ರೀಮಿಯಂ 4,100, ಅದರ ಮೇಲೆ ಆಗ 18% ಜಿಎಸ್‌ಟಿ, ಒಟ್ಟು 4,838. ಕ್ಲೇಮ್ ಆದರೆ 20% ನಾವೇ ಭರಿಸಬೇಕು. ಹೊರರೋಗಿ ಚಿಕಿತ್ಸೆ ಬೇಕಾದರೆ ಬೇರೆ ದುಡ್ಡು, ಅದನ್ನೂ ಸೇರಿಸಿದರೆ 7,000 ದಾಟುತ್ತಿತ್ತು. ಮನುಷ್ಯರ ವಿಮೆಯ ಹಾಗೆ ಇದಕ್ಕೂ ಆದಾಯ ತೆರಿಗೆಯ ಆಗಿನ 80ಡಿ ಕಲಂ ಅಡಿಯಲ್ಲಿ ತೆರಿಗೆ ವಿನಾಯಿತಿ ಇದೆ ಅಂತ ಮಗಳು ಅಂದುಕೊಂಡಿದ್ದಳು. ಇಲ್ಲ. ಆ ಕಲಂ ಇದ್ದಿದ್ದು ಮನೆಮಂದಿಯ ವಿಮೆಗೆ ಮಾತ್ರ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಕೇಳುವುದು "ನಾಯಿಗೆ ಕಾಯಿಲೆ ಬರುತ್ತಾ?" ಅಂತ. ಬಂದೇ ಬರುತ್ತೆ, ಅದರಲ್ಲಿ ಕೇಳುವುದೇನಿದೆ. ನಾನು ಅವರಿಗೆ ಬೇರೆ ಪ್ರಶ್ನೆ ಕೊಟ್ಟೆ: ನಮ್ಮ ಊರಲ್ಲಿ ಚಿನ್ನಿಗೆ ಚಿಕಿತ್ಸೆ ಹೇಗೆ ಸಿಗುತ್ತೋ, ಅದು ಈ ಪಾಲಿಸಿ ಒಪ್ಪುವಂಥ ಬಿಲ್ ಆಗಿ ಬರುತ್ತಾ?

ಹಳೇ ಬಿಲ್ ಹರಡಿ ಕೂತಿದ್ದು

ಅಮ್ಮ ಅಚ್ಚುಕಟ್ಟಿನ ಹೆಂಗಸು. ಚಿನ್ನಿಯ 4 ವರ್ಷದ ಕಾಗದ ಎಲ್ಲವೂ ಒಂದು ಬಿಸ್ಕತ್ ಡಬ್ಬಿಯಲ್ಲಿ ಇದ್ದವು. ಹೊರಗೆ ತೆಗೆದು ನೆಲದ ಮೇಲೆ ಹರಡಿದೆವು. ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್‌ಗಳಲ್ಲಿ ಅರ್ಧದಷ್ಟು ಪೂರ್ತಿ ಬೆಳ್ಳಗಾಗಿದ್ದವು, ಅಕ್ಷರವೇ ಇಲ್ಲ. ಡಾಕ್ಟರ ಫೀಸಿಗೆ ಎಷ್ಟೋ ಸಲ ರಸೀದಿಯೇ ಇಲ್ಲ. ಲೆಟರ್‌ಹೆಡ್ ಚೀಟಿಯ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ "300" ಅಷ್ಟೇ. ಮನೆಗೇ ಬಂದು ಇಂಜೆಕ್ಷನ್ ಕೊಟ್ಟು ಹೋದವರ ಹತ್ತಿರ ಬಿಲ್ ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ.

ಬಿಲ್ ಇಲ್ಲದ ಕಡೆ ಅಮ್ಮನ ನೆನಪಿನ ಮೇಲೆ ಮೊತ್ತ ಹಾಕಿಕೊಂಡೆವು. 4 ವರ್ಷಕ್ಕೆ ಸುಮಾರು 21,000 ಖರ್ಚಾಗಿತ್ತು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ವರ್ಷವರ್ಷದ ಲಸಿಕೆ, ಜಂತುಹುಳದ ಔಷಧ, ಉಣ್ಣೆಗೆ ಬೆನ್ನ ಮೇಲೆ ಹಾಕುವ ಔಷಧ, ಕೂದಲು ಕತ್ತರಿಸಿದ್ದು, ಇಂಥವಕ್ಕೆ. ಇದ್ಯಾವುದನ್ನೂ ಪಾಲಿಸಿ ಕೊಡುವುದಿಲ್ಲ. ಕೊಡದೇ ಇರುವುದಷ್ಟೇ ಅಲ್ಲ, ಲಸಿಕೆ ನಾವು ಸಮಯಕ್ಕೆ ಹಾಕಿಸದಿದ್ದರೆ ಪಾರ್ವೋ, ಡಿಸ್ಟೆಂಪರ್, ಲೆಪ್ಟೊಸ್ಪೈರೋಸಿಸ್‌ನಂಥ ಕಾಯಿಲೆಗಳ ಕ್ಲೇಮನ್ನೂ ತಳ್ಳಿಹಾಕಬಹುದು ಅಂತ ಅದರಲ್ಲೇ ಬರೆದಿತ್ತು. ಇದು ನ್ಯಾಯವೇ, ತಕರಾರು ಮಾಡುವ ಹಾಗಿಲ್ಲ.

ಉಳಿದಿದ್ದು ಉಣ್ಣೆ ಜ್ವರ, ಒಂದು ಸಲ ವಾಂತಿ ಭೇದಿ, ಎರಡು ಸಲ ಕಿವಿ ಸೋರಿದ್ದು. ನಿಜವಾದ ಸಿಕ್ಕು ಇದ್ದಿದ್ದು ಇಲ್ಲೇ. ದಾವಣಗೆರೆಯಲ್ಲಿ ಇವರು ಹೋಗುವ ಕ್ಲಿನಿಕ್‌ನಲ್ಲಿ ನಾಯಿಯನ್ನು ರಾತ್ರಿ ಉಳಿಸಿಕೊಳ್ಳುವುದಿಲ್ಲ. ಬೆಳಗ್ಗೆ ಕರೆದುಕೊಂಡು ಹೋಗಿ, ಟೇಬಲ್ ಮೇಲೆ ಮಲಗಿಸಿ ಡ್ರಿಪ್ ಹಾಕಿಸಿ, ತಲೆ ಸವರುತ್ತಾ ಕೂತು, ಮುಗಿದ ಮೇಲೆ ಸ್ಕೂಟರ್‌ನಲ್ಲಿ ಮನೆಗೆ. ಮರುದಿನ ಮತ್ತೆ ಹಾಗೇ. ಪಾಲಿಸಿಯ ಮೂಲ ಭಾಗದಲ್ಲಿ ಆಸ್ಪತ್ರೆಗೆ ಸೇರಿಸಿದರೆ ಮಾತ್ರ ದುಡ್ಡು. 5,200ರ ಉಣ್ಣೆ ಜ್ವರ ಕಂಪನಿಯ ಲೆಕ್ಕದಲ್ಲಿ ಹೊರರೋಗಿ ಚಿಕಿತ್ಸೆ. ಅಂದರೆ ಯಾವ ಕಾಯಿಲೆಗೆ ಹೆದರಿ ಪಾಲಿಸಿ ಹುಡುಕಿದರೋ, ಅದೇ ಕಾಯಿಲೆಗೆ ಅದು ಕವಡೆ ಕಾಸನ್ನೂ ಕೊಡುತ್ತಿರಲಿಲ್ಲ.

ಮಗಳು ಕಾಲ್ ಸೆಂಟರ್‌ಗೆ ಫೋನ್ ಮಾಡಿದಳು. "ಎಲ್ಲಾ ಕವರ್ ಆಗುತ್ತೆ ಮೇಡಂ" ಅಂದರು. ಅದನ್ನೇ ಇಮೇಲ್‌ನಲ್ಲಿ ಕೇಳು ಅಂದೆ. ರಾತ್ರಿ ಉಳಿಸಿಕೊಳ್ಳದೆ ಹಗಲು ಡ್ರಿಪ್ ಹಾಕಿದರೆ ಆಸ್ಪತ್ರೆ ಸೇರಿದ ಲೆಕ್ಕಕ್ಕೆ ಬರುತ್ತಾ? ಕೈಬರಹದ ಚೀಟಿಯಲ್ಲಿ ಡಾಕ್ಟರ ಸಹಿ ಮತ್ತು ಕರ್ನಾಟಕ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇದ್ದರೆ ಸಾಕಾ? ಗರ್ಭಕೋಶದ ಕಾಯಿಲೆ ಒಳಗಾ ಹೊರಗಾ? ಜ್ಞಾಪಿಸಿದ ಮೇಲೆ ಉತ್ತರ ಬಂತು. ಹಗಲು ಡ್ರಿಪ್ ಬರುವುದಿಲ್ಲ. ಸಹಿ, ಸಂಖ್ಯೆ ಇರುವ ಬಿಲ್ ಬೇಕು, ಮೂಲ ಪ್ರತಿಯೇ ಬೇಕು. ಗರ್ಭಕೋಶದ ವಿಷಯಕ್ಕೆ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು ಪರಿಶೀಲಿಸಲಾಗುವುದು" ಅನ್ನುವ ಸಾಲು. ಫೋನಿನ ಮಾತಿಗೂ ಕಾಗದದ ಮಾತಿಗೂ ಇಷ್ಟು ಅಂತರ. ಈ ಒಂದು ಇಮೇಲ್ ಮಾಡಿದ ಕೆಲಸವನ್ನು ನನ್ನ ಯಾವ ಸಲಹೆಯೂ ಮಾಡಲಿಲ್ಲ.

ಪುಸ್ತಕದ ಒಂದು ಸಾಲು

ಲಸಿಕೆ ಪುಸ್ತಕ ತಿರುವುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಲಸಿಕೆಯ ಪುಟ್ಟ ಸ್ಟಿಕರ್ ಅಂಟಿಸಿದ ಪುಟದ ಕೆಳಗೆ ಡಾಕ್ಟರು ಬರೆದಿದ್ದರು: ಹಿಂದಿನ ಎಡಗಾಲು, ಮಂಡಿಚಿಪ್ಪು ಜಾರುತ್ತದೆ, ಗ್ರೇಡ್ 2. ಸಣ್ಣ ತಳಿಗಳಲ್ಲಿ ಇದು ಮಾಮೂಲು. ಗ್ರೇಡ್ 1 ಅಂದರೆ ಕೈಯಿಂದ ಒತ್ತಿದಾಗ ಮಾತ್ರ ಜಾರುವುದು, ಗ್ರೇಡ್ 4 ಅಂದರೆ ಜಾರಿದ್ದು ಮತ್ತೆ ಕೂರುವುದೇ ಇಲ್ಲ. ಚಿನ್ನಿ ಕಾಗೆ ಓಡಿಸುವುದನ್ನು ನಾನೇ ನೋಡಿದ್ದೇನೆ. ಓಡುತ್ತಾ ಓಡುತ್ತಾ ಎಡಗಾಲು ಮೇಲೆತ್ತಿ ನಾಲ್ಕು ಹೆಜ್ಜೆ ಕುಪ್ಪಳಿಸುತ್ತಾಳೆ, ಆ ಕಾಲನ್ನು ಒಮ್ಮೆ ಹಿಂದಕ್ಕೆ ಒದರುತ್ತಾಳೆ, ಮತ್ತೆ ಏನೂ ಆಗದವಳ ಹಾಗೆ ಓಟ.

ಸಣ್ಣ ನಾಯಿಗೆ ದೊಡ್ಡ ಬಿಲ್ ತರಬಹುದಾದ ಆಪರೇಷನ್‌ಗಳಲ್ಲಿ ಈ ಮಂಡಿಯದೂ ಒಂದು. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಬರೆದಿಟ್ಟಿರುವುದರಿಂದ ಅದು ಹಳೇ ಕಾಯಿಲೆ, ವಿಮೆಗೆ ಹೊರಗೆ.

ಮಗಳು ಮೆಲ್ಲಗೆ ಕೇಳಿದಳು: "ಅಂಕಲ್, ಪುಸ್ತಕ ಕಳೆದೋಯ್ತು ಅಂತ ಹೊಸದು ಮಾಡಿಸಿದ್ರೆ?" ಅಪ್ಪ ಬೇಡ ಅನ್ನಲಿಲ್ಲ, ನನ್ನ ಮುಖ ನೋಡಿದರು. ಇಂಥ ಮಾತು ನಾನು ಕೇಳಿದ್ದು ಇದೇ ಮೊದಲಲ್ಲ. ಬೇಡ ಅಂದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಮಂಡಿಯ ಕ್ಲೇಮ್ ಒಂದೇ ಅಲ್ಲ, ಇಡೀ ಪಾಲಿಸಿಯೇ ಬಿದ್ದುಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ನಾಳೆ ಬೇರೆ ಡಾಕ್ಟರ ಬಳಿ ಹೋದರೆ ಆ ಸಾಲು ಅವರಿಗೆ ಬೇಕು. ಚಿನ್ನಿಯ ಕಾಲಿನ ಚರಿತ್ರೆ ಇರುವುದು ಆ ಪುಸ್ತಕದಲ್ಲಿ ಮಾತ್ರ.

ನಿರ್ಧಾರ ತಿರುಗಿದ್ದು ಈ ಸಾಲಿನಿಂದ. ಪದೇ ಪದೇ ಬರುವ ಖರ್ಚಿಗೆ ಪಾಲಿಸಿ ಇಲ್ಲ, ಗೊತ್ತಿರುವ ದೊಡ್ಡ ಖರ್ಚಿಗೂ ಇಲ್ಲ. ಇನ್ನು ಉಳಿದಿದ್ದು ಅಪಘಾತ ಮತ್ತು ಈವರೆಗೆ ಗೊತ್ತಿಲ್ಲದ ಆಪರೇಷನ್‌ಗಳು. ಗೇಟ್ ದಾಟದ ನಾಯಿಗೆ ಅಪಘಾತದ ಭಯ ಕಡಿಮೆ.

ನಾಯಿ ಬೇರೆಯವರನ್ನು ಕಚ್ಚಿದರೆ ಪರಿಹಾರ ಕೊಡುವ ಭಾಗವೂ ಪಾಲಿಸಿಯಲ್ಲಿ ಇತ್ತು. ಗ್ಯಾಸ್ ಸಿಲಿಂಡರ್ ತರುವ ಹುಡುಗನ ಪ್ಯಾಂಟಿಗೆ ಚಿನ್ನಿ ಒಮ್ಮೆ ಬಾಯಿ ಹಾಕಿದ್ದರಿಂದ ಅಪ್ಪನಿಗೆ ಅದರ ಮೇಲೆ ಆಸೆ. ಗೇಟಿಗೆ ಒಳಗಿಂದ ಚಿಲಕ ಹಾಕಿ, ರೇಬಿಸ್ ಲಸಿಕೆ ತಪ್ಪಿಸಬೇಡಿ ಅಂತ ಹೇಳಿ ಮುಂದೆ ಹೋದೆವು.

ಡಾಕ್ಟರ ಮಾತು, ಅಜ್ಜಿಯ ಮಾತು

ಡಾಕ್ಟರ ಬಳಿ ಪಾಲಿಸಿ ವಿಷಯ ಕೇಳಲು ಹೋದರೆ ಅವರು ಅಂದಿದ್ದು: "ಪಾಲಿಸಿ ಯೋಚನೆ ಆಮೇಲೆ ಮಾಡ್ರಿ. ಮೊದ್ಲು ಗರ್ಭಕೋಶದ ಆಪರೇಷನ್ ಮಾಡಿಸಿಬಿಡ್ರಿ. ನಾಲ್ಕು ದಾಟಿದ ಹೆಣ್ಣು ನಾಯಿ, ಇವತ್ತಲ್ಲ ನಾಳೆ ಕೀವು ತುಂಬ್ಕೊಂಡ್ರೆ ಓಡಾಡ್ಬೇಕಾಗುತ್ತೆ." ಖರ್ಚು ಸುಮಾರು 6,000 ಅಂದರು. ಇದನ್ನೂ ಪಾಲಿಸಿ ಕೊಡುವುದಿಲ್ಲ, ಬೇಕು ಅಂತ ಮಾಡಿಸುವ ಆಪರೇಷನ್ ಅದು.

ಅಜ್ಜಿ ಒಪ್ಪಲಿಲ್ಲ. "ಒಂದ್ ಸಲನಾದ್ರೂ ಮರಿ ಹಾಕ್ಲಿ, ಆಮೇಲೆ ಏನಾರ ಮಾಡ್ಕಳ್ರಿ." ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ವೈದ್ಯಕೀಯ ಆಧಾರ ಇಲ್ಲ. ಆದರೆ ಹಗಲೆಲ್ಲಾ ಚಿನ್ನಿಯ ಜೊತೆ ಇರುವವರು ಅಜ್ಜಿ, ಅವರ ಮಾತು ಮೀರಲು ಯಾರಿಗೂ ಮನಸ್ಸಿರಲಿಲ್ಲ. ಬೇಸಿಗೆ ರಜೆಯಲ್ಲಿ ನೋಡೋಣ ಅಂತ ಮುಂದೂಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು.

2024ರ ಅಕ್ಟೋಬರ್‌ನಲ್ಲಿ ತೀರ್ಮಾನ ಆಯಿತು. ಪಾಲಿಸಿ ಬೇಡ, ಬದಲಿಗೆ ತಿಂಗಳಿಗೆ 600ರ ಆರ್‌ಡಿ. ಅಮ್ಮ ಅಂಚೆ ಕಚೇರಿಯ ಆರ್‌ಡಿ ಅಂದರು. ಅದು 5 ವರ್ಷದ್ದು, ಅವಧಿಗೆ ಮುಂಚೆ ಮುಚ್ಚಬೇಕಾದರೆ 3 ವರ್ಷವಾದರೂ ಆಗಬೇಕು. ನಾಯಿಯ ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ ಅಲ್ವಾ. ಹಾಗಾಗಿ ಬ್ಯಾಂಕಿನಲ್ಲಿ ತೆರೆದರು, ಬೇಕಾದಾಗ ಮುರಿಯಬಹುದು.

ಆಗಿದ್ದು

2025ರ ಜೂನ್. ಮೊದಲು ಗಮನಿಸಿದ್ದು ಅಜ್ಜಿಯೇ. ಬೆಳಗ್ಗೆ ತುಂಬಿಸಿದ ನೀರಿನ ಬಟ್ಟಲು ಹತ್ತು ಗಂಟೆಗೇ ಖಾಲಿ, ಮತ್ತೆ ತುಂಬಿಸಿದರೆ ಮತ್ತೆ ಖಾಲಿ. ಚಿನ್ನಿ ಬೆದೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಸೆಕೆಗೆ ಕುಡೀತಿದೆ ಅಂತ ಮನೆಯವರು ಅಂದುಕೊಂಡರು. ಸಂಜೆಗೆ ವಾಂತಿ, ಹಿಂದೆ ಕಲೆ ಕಲೆ ಸ್ರಾವ. ಸ್ಕ್ಯಾನ್ ಮಾಡಿದಾಗ ಡಾಕ್ಟರು ಹೇಳಿದ್ದೇ ನಿಜವಾಯಿತು: ಗರ್ಭಕೋಶದಲ್ಲಿ ಕೀವು, ಪಯೋಮೆಟ್ರಾ. ಇದಕ್ಕೆ ಆಪರೇಷನ್ನೇ ದಾರಿ, ತಡ ಮಾಡಿದರೆ ಜೀವಕ್ಕೇ ಸಂಚಕಾರ.

ದಾವಣಗೆರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್, ಡ್ರಿಪ್‌ಗೆ 3,200. ಮರುದಿನ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ. ಅಲ್ಲಿ ಆಪರೇಷನ್, ಔಷಧ ಸೇರಿ 6,500. ಕಾರು ಬಾಡಿಗೆ, ಊಟ, ಹೊಲಿಗೆ ಬಿಚ್ಚಿಸಲು ಇನ್ನೊಂದು ಓಡಾಟ, ಎಲ್ಲಾ 4,500. ಒಟ್ಟು 14,200. ಆರ್‌ಡಿಯಲ್ಲಿ ಇದ್ದಿದ್ದು 4,800 ಮತ್ತು ಚಿಲ್ಲರೆ ಬಡ್ಡಿ. ಉಳಿದಿದ್ದು ಅಮ್ಮನ ಚೀಟಿ ದುಡ್ಡಿನಿಂದ ಬಂತು.

ಚಿನ್ನಿ ಬದುಕಿದಳು.

ಈಗ ಲೆಕ್ಕ

ಆಮೇಲೆ ಮಗಳು ನೇರವಾಗಿ ಕೇಳಿದಳು: ಪಾಲಿಸಿ ಇದ್ದಿದ್ದರೆ? ಕೂತು ಲೆಕ್ಕ ಹಾಕಿದೆವು. ಕಾರಿನ 4,500 ಯಾವ ಕಾರಣಕ್ಕೂ ಬರುತ್ತಿರಲಿಲ್ಲ. ಆಪರೇಷನ್‌ನ 6,500ರಲ್ಲಿ 20% ಕಳೆದು 5,200 ಸಿಗುತ್ತಿತ್ತು. ಹಿಂದಿನ ದಿನದ ಪರೀಕ್ಷೆಗಳನ್ನೂ ಒಪ್ಪಿದ್ದರೆ ಇನ್ನು 2,560 ಸೇರಿ 7,760. ಕಟ್ಟುವ ಪ್ರೀಮಿಯಂ 4,838. ಅಂದರೆ ಆ ಒಂದು ವರ್ಷದ ಮಟ್ಟಿಗೆ ಪಾಲಿಸಿಯೇ ಲಾಭ. ಕಡಿಮೆ ಅಂದರೆ 362 ರೂಪಾಯಿ, ಜಾಸ್ತಿ ಅಂದರೆ 2,922. ಅದೂ ಗರ್ಭಕೋಶದ ಕಾಯಿಲೆಯನ್ನು ಕಂಪನಿ "ಪರಿಶೀಲಿಸಿ" ಒಪ್ಪಿದ್ದರೆ. ಒಪ್ಪದಿದ್ದರೆ ಕಂಪನಿಗೆ ದೂರು ಕೊಟ್ಟು, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದಿತ್ತು. ಶುಲ್ಕವೇನೂ ಇಲ್ಲ, ಆದರೆ ಪುರುಸೊತ್ತು ಬೇಕು.

ಜೀವಮಾನದಲ್ಲೇ ದೊಡ್ಡ ಕಾಯಿಲೆ ಬಂದ ವರ್ಷದಲ್ಲೂ ಲಾಭ ಇಷ್ಟೇ ಆಗಿದ್ದು ಯಾಕೆ? ಸರ್ಕಾರಿ ಕಾಲೇಜಿನಲ್ಲಿ ಆಪರೇಷನ್ ಆಗಿದ್ದಕ್ಕೆ. ಇದೇ ಆಪರೇಷನ್ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಆಗಿದ್ದರೆ ಬಿಲ್ ಹಲವು ಪಟ್ಟು, ಪಾಲಿಸಿಯಿಂದ ಆಗುವ ಲಾಭವೂ ಹಾಗೇ ಏರುತ್ತಿತ್ತು. ಹಾಗಾಗಿ ಬೆಂಗಳೂರಿನವರು ಬರೆದ ಲೆಕ್ಕ ನೋಡಿ ದಾವಣಗೆರೆಯವರು ತೀರ್ಮಾನ ಮಾಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಆರ್‌ಡಿಯ ಕೊರತೆ. ತಿಂಗಳು ತಿಂಗಳು ಕೂಡಿಡುವ ದುಡ್ಡು ಮೊದಲ ವರ್ಷದಲ್ಲಿ ಯಾವಾಗಲೂ ಸಣ್ಣದೇ. ವಿಮೆಯ ಬಲ ಇರುವುದೇ ಅಲ್ಲಿ, ಕಾಯುವ ಅವಧಿ (ಪಾಲಿಸಿ ಶುರುವಾದ ಮೇಲೆ ಕ್ಲೇಮ್ ಕೊಡದ ಮೊದಲ ದಿನಗಳು) ಮುಗಿದ ಮರುದಿನದಿಂದ ಪೂರ್ತಿ 50,000ಕ್ಕೆ ಹೊಣೆ ಅದರದ್ದು. ಪಾಲಿಸಿ ಬೇಡ ಅನ್ನುವವರು ಮೊದಲೇ ಒಂದು 10,000 ಎತ್ತಿಟ್ಟು ಆಮೇಲೆ ಆರ್‌ಡಿ ಶುರು ಮಾಡಬೇಕು. ಈಗ ಈ ಮನೆಯವರು ಹಾಗೇ ಮಾಡಿದ್ದಾರೆ. ಆದರೆ ಇಡೀ ಪ್ರಕರಣದಲ್ಲಿ ಒಳ್ಳೆಯ ವಿಮೆ ಅಂತ ಇದ್ದಿದ್ದು ಡಾಕ್ಟರು ಹೇಳಿದ 6,000ದ ಆಪರೇಷನ್. ಅದು ಆಗಿದ್ದರೆ ಜೂನ್‌ನ ಓಡಾಟವೇ ಇರುತ್ತಿರಲಿಲ್ಲ.

ಮುಂದಿನ ವರ್ಷಗಳ ಲೆಕ್ಕ ಬೇರೆ. ಸಣ್ಣ ನಾಯಿಗಳಿಗೆ ವಯಸ್ಸಾದಂತೆ ಬರುವುದು ಹಲ್ಲು, ವಸಡು, ಹೃದಯದ ಕವಾಟ, ಶ್ವಾಸನಾಳದ ತೊಂದರೆ. ಹಲ್ಲು ಶುಚಿ ಮಾಡಿಸುವುದು ಈ ಪಾಲಿಸಿಯಲ್ಲಿ ಇಲ್ಲ. ಹೃದಯದ್ದಕ್ಕೆ ಬಹುಪಾಲು ತಿಂಗಳು ತಿಂಗಳಿನ ಮಾತ್ರೆ, ಅದೂ ಹೊರರೋಗಿ ಲೆಕ್ಕವೇ. ಚಿನ್ನಿಗೆ 5 ಮುಗಿದಿದೆ, ಈ ಪಾಲಿಸಿಗೆ ಹೊಸದಾಗಿ ಸೇರಲು 7 ಕೊನೆ. ಈಗಲೂ ಬೇಡ ಅಂತಲೇ ಅವರು ಉಳಿದಿದ್ದಾರೆ, ನನಗೂ ಅದೇ ಸರಿ ಅನಿಸುತ್ತದೆ.

ಅದೇ ಬೀದಿಯ ಇನ್ನೊಂದು ಮನೆಯವರು ಮೂರು ತಿಂಗಳ ಲ್ಯಾಬ್ರಡಾರ್ ಮರಿ ತಂದು ಇದೇ ಪ್ರಶ್ನೆ ಕೇಳಿದರು. ಅವರಿಗೆ ತೆಗೆದುಕೊಳ್ಳಿ ಅಂದೆ. ಮರಿಯ ಪುಸ್ತಕ ಇನ್ನೂ ಖಾಲಿ, ಹಳೇ ಕಾಯಿಲೆ ಅಂತ ತೋರಿಸಲು ಏನೂ ಇಲ್ಲ. ದೊಡ್ಡ ತಳಿ, ಸೊಂಟದ ಕೀಲಿನ ತೊಂದರೆ ಈ ತಳಿಗೆ ಹೆಚ್ಚು. ಮಗ ಬೆಂಗಳೂರಿನಲ್ಲಿ ಇರುವುದರಿಂದ ಏನಾದರೂ ಆದರೆ ಅಲ್ಲಿಗೇ ಕರೆದೊಯ್ಯುತ್ತಾರೆ. ಗುರುತಿಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಚರ್ಮದಡಿ ಹಾಕಿಸಿಕೊಂಡು, ಬಿಲ್‌ಗಳನ್ನು ಅಂದಂದೇ ಫೋಟೊ ತೆಗೆದು, ಮೂಲ ಪ್ರತಿಯನ್ನು ಫೈಲಿನಲ್ಲಿ ಇಡಲು ಹೇಳಿದ್ದೇನೆ. ಚಿಪ್ ವಿಷಯ ಕೇಳಿ ಚಿನ್ನಿಯ ಅಪ್ಪ ನಕ್ಕರು: "ನೋಡಿ, ಕೊನೆಗೂ ಓಲೆ ಬಂತು."